ಕರುಳು ತೊಳೆಯುವುದರ ಒಂದು ತುಲನಾತ್ಮಕ ಅಧ್ಯಯನ

ಕಟ್ಟಿಕೊಂಡದ್ದನ್ನು ಹರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ನೀರು ಸರಬರಾಜು ಮತ್ತು ಒಳಚರಂಡಿ ಇಲಾಖೆಯಲ್ಲಿ ನಾನು ಎಂಜಿನಿಯರ್. ಕೊಳವೆಯೊಳಗೆ ಮರದ ಬೇರು ನುಗ್ಗಿರಲಿ, ಹೋಟೆಲಿನ ಜಿಡ್ಡು ಕಲ್ಲಾಗಿರಲಿ, ಯಾರೋ ಪುಣ್ಯಾತ್ಮ ಹಳೆಯ ದಿಂಬನ್ನೇ ತುರುಕಿರಲಿ, ಮ್ಯಾನ್‌ಹೋಲಿನ ಅಂಚಿನಲ್ಲಿ ನಿಂತು ಬರೀ ಸದ್ದು ಕೇಳಿ ಕಾಯಿಲೆ ಹೇಳಬಲ್ಲೆ. ಹೀಗಿರುವಾಗ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಮೊದಲು ಹೊಟ್ಟೆಯನ್ನು ಪೂರ್ತಿ ತೊಳೆದುಕೊಂಡು ಬರಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಕರುಳೆಂದರೆ ಏನು ಮಹಾ? ಒಂದು ಕೊಳವೆ! ತಿರುವು ಸ್ವಲ್ಪ ಜಾಸ್ತಿ, ಮ್ಯಾನ್‌ಹೋಲು ಸ್ವಲ್ಪ ಕಮ್ಮಿ, ಅಷ್ಟೆ.

ಪರೀಕ್ಷೆ ನಿಜವಾಗಿ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಹೋದ ವರ್ಷ ಅವಳ ಅಕ್ಕನ ಕರುಳಿನಲ್ಲಿ ಗಂಟು ಇರುವುದು ತುಂಬ ತಡವಾಗಿ ಗೊತ್ತಾಯಿತು. ದೊಡ್ಡ ಆಪರೇಷನ್ನು, ತಿಂಗಳುಗಟ್ಟಲೆ ಔಷಧಿ. ಹೇಗೋ ಉಳಿದುಕೊಂಡರು, ಆದರೆ ಆಸ್ಪತ್ರೆಗೆ ಹೋದ ಅಕ್ಕ ಮನೆಗೆ ಬರಲಿಲ್ಲ, ಅವರ ಅರ್ಧದಷ್ಟು ತೂಕದ ಇನ್ಯಾರೋ ಬಂದರು. "ತಂಗಿಯನ್ನೂ ಒಂದ್ಸಲ ನೋಡಿಸಿಬಿಡಿ, ಇದು ಮನೆತನದಲ್ಲಿ ಬರೋದುಂಟು" ಎಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ ದಿನದಿಂದ ನನ್ನ ಮನಸ್ಸಿಗೆ ಸಮಾಧಾನವೇ ಇರಲಿಲ್ಲ. ಹೆಂಡತಿ ಮಾತ್ರ ಜಗ್ಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಊರವರ ಬಟ್ಟೆ ಬಿಗಿಯಾದರೆ ಸಡಿಲ ಮಾಡುತ್ತಾಳೆ, ಸಡಿಲವಾದರೆ ಬಿಗಿ ಮಾಡುತ್ತಾಳೆ. ಗಂಡನ ವಿಷಯದಲ್ಲಿ ಮೊದಲನೆಯ ಸೇವೆ ಇಲ್ಲ!

"ಈ ತಿಂಗಳು ಶಾಲೆ ಯೂನಿಫಾರಂ ಕೆಲಸ ಇದೆ ರೀ."

"ಯೂನಿಫಾರಂ ಹೋದ ತಿಂಗಳೇ ಮುಗೀತಲ್ಲ?"

"ಈಗ ಮಕ್ಕಳು ಉದ್ದ ಆಗಿದ್ದಾರೆ. ಮಡಿಕೆ ಬಿಚ್ಚಿ ಕೊಡ್ಬೇಕು."

"ಊರಿನ ಮಕ್ಕಳೆಲ್ಲ ಒಂದೇ ತಿಂಗಳಲ್ಲಿ ಉದ್ದ ಆಗಿಬಿಟ್ರೇನೇ?"

ಉತ್ತರದ ಬದಲು ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಮಾತು ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಅವಳಿಗೆ ಹೆದರಿಕೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದರೆ ಅತ್ತುಬಿಡುತ್ತೇವೆಂದು ಇಬ್ಬರೂ ಮಕ್ಕಳ ಪ್ಯಾಂಟಿನ ಉದ್ದದ ಬಗ್ಗೆಯೇ ವಾದ ಮಾಡುತ್ತಿದ್ದೆವು.

ಕೊನೆಗೊಂದು ದಿನ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ತೀರ್ಪು ಹೇಳಿದಳು. "ಸರಿ. ನೀವೂ ಮಾಡಿಸಿಕೊಂಡ್ರೆ ನಾನೂ ಮಾಡಿಸ್ಕೋತೀನಿ. ಆದ್ರೆ ಒಂದೇ ಸಲ. ಏನಾದ್ರೂ ಎಡವಟ್ಟಾಗಿ ಮತ್ತೆ ಬನ್ನಿ ಅಂದ್ರೆ ನನ್ನನ್ನ ಕೇಳಲೇಬಾರ್ದು!"

ನಾನು ಕುಣಿದಾಡಲಿಲ್ಲ, ಅಷ್ಟೇ. ನನ್ನ ವಯಸ್ಸಿನವರೂ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದೇ ಎಂದರು ಡಾಕ್ಟರು. ಇಬ್ಬರಿಗೂ ಸೋಮವಾರ ಬೆಳಿಗ್ಗೆಗೆ ಗೊತ್ತು ಮಾಡಿದರು. ಹೊಟ್ಟೆ ತೊಳೆಯಲು ಮೂರು ದಾರಿ ಇವೆಯಂತೆ. ಒಂದು, ಪುಡಿ ಕದಡಿದ ಒಂದು ದೊಡ್ಡ ಕ್ಯಾನ್ ನೀರನ್ನು ಮಧ್ಯಾಹ್ನ ಅರ್ಧ, ಸಂಜೆ ಅರ್ಧ ಕುಡಿಯುವುದು. ಇನ್ನೊಂದು, ಎರಡು ಸಣ್ಣ ಬಾಟಲಿ ಔಷಧಿ, ಜೊತೆಗೆ ಬೇಕಾದಷ್ಟು ನೀರು. ಮತ್ತೊಂದು, ಒಂದು ಬೊಗಸೆ ಮಾತ್ರೆ. "ಯಾವುದಾದ್ರೂ ಆಗುತ್ತೆ, ಪೂರ್ತಿ ತಗೊಳ್ಳಿ, ಅಷ್ಟೇ. ಅರ್ಧಂಬರ್ಧ ತೊಳೆದ್ರೆ ಒಳಗೇನೂ ಕಾಣಲ್ಲ" ಎಂದರು.

ಯಾವುದಾದರೂ ಆಗುತ್ತದೆಯೇ! ಇದು ಒಬ್ಬ ಎಂಜಿನಿಯರಿಗೆ ಹೇಳುವ ಮಾತೇ? ಹೆಚ್ಚು ನೀರು ಬಿಟ್ಟು ತಳ್ಳಬೇಕೋ, ಕಡಿಮೆ ನೀರನ್ನು ಜೋರಾಗಿ ಚಿಮ್ಮಿಸಬೇಕೋ ಎಂಬ ಪ್ರಶ್ನೆಗೆ ನಮ್ಮ ಇಲಾಖೆಯಲ್ಲಿ ಎರಡು ಪಂಗಡಗಳೇ ಇವೆ. ನಾನು ಚಿಮ್ಮಿಸುವ ಪಂಗಡದ ಮುಖಂಡ. ತುಲನೆ ಮಾಡದೆ ಒಂದು ಪೊರಕೆಯನ್ನೂ ಮನೆಗೆ ತಂದವನಲ್ಲ. ಆ ಸಂಜೆಯೇ ಔಷಧಿ ಅಂಗಡಿಗೆ ಹೋಗಿ, ರುಚಿ ನೋಡಲೊಂದು ಕುಡಿಯಲೊಂದು ಎಂದು ಮೂರೂ ಬಗೆಯನ್ನು ಎರಡೆರಡು ಕೊಂಡೆ. ಅಂಗಡಿಯವನು ಚೀಲ ಕೊಡುತ್ತಾ, "ಸಾರ್, ಇದು ಒಬ್ಬರಿಗಾ, ಇಡೀ ಬೀದಿಗಾ?" ಎಂದು ಕೇಳಿದ.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಊಟದ ಮೇಜಿನ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟುಕೊಂಡು ಪ್ರಯೋಗಕ್ಕೆ ಕುಳಿತೆ. ಹೆಂಡತಿ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದಳು.

"ಇದೇನ್ರೀ ಇದು?"

"ರುಚಿ ಪರೀಕ್ಷೆ. ಒಂದೊಂದು ಚಮಚ."

"ಇವತ್ತಿನ್ನೂ ಗುರುವಾರ! ಔಷಧಿ ಅಂದ್ರೆ ಏನು, ಅಂಗಡೀಲಿ ಬಟ್ಟೆ ಮುಟ್ಟಿ ನೋಡ್ದ ಹಾಗಾ?"

"ಒಂದು ಚಮಚದಲ್ಲಿ ಏನಾಗುತ್ತೆ? ಪ್ರಮಾಣ, ಒತ್ತಡ, ಹರಿವು, ಇವೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು."

ಕ್ಯಾನಿನ ನೀರು ಸಮುದ್ರದಲ್ಲಿ ಯಾರೋ ತುಕ್ಕು ಹಿಡಿದ ಕೀಲಿ ತೊಳೆದ ಹಾಗಿತ್ತು. ಮಾತ್ರೆಗೆ ರುಚಿಯೇ ಇಲ್ಲ, ಆದರೆ ಅದನ್ನು ಕೈಯಲ್ಲಿ ಹಿಡಿದು ನೋಡಿದ ಹೆಂಡತಿ, "ಇದು ಮಾತ್ರೆನಾ, ಕೋಟಿನ ಗುಂಡಿನಾ?" ಎಂದು ವಾಪಸಿಟ್ಟಳು. ಬಾಟಲಿಯದ್ದು ನಿಂಬೆಹಣ್ಣಿನ ರುಚಿ ಎಂದು ಮೇಲೆ ಬರೆದಿತ್ತು. ಅಂಥ ನಿಂಬೆಹಣ್ಣು ಯಾವ ಮರದಲ್ಲೂ ಬಿಡಲಾರದು. ಒಂದು ಚಮಚಕ್ಕೆ ಸರಿಯಾಗಿ ತಿಳಿಯಲಿಲ್ಲ ಎಂದು ಇನ್ನೊಂದು. ಅನುಮಾನ ಉಳಿಯಬಾರದೆಂದು ಒಂದು ಒಳ್ಳೆಯ ಗುಟುಕು. "ಕಡಿಮೆ ಪ್ರಮಾಣ, ಹೆಚ್ಚು ವೇಗ. ಇದೇ ನನ್ನದು!" ಎಂದು ಘೋಷಿಸಿ ಹೊಸ ಬಾಟಲಿಗಳನ್ನು ಎತ್ತಿಟ್ಟೆ.

"ನಂಗೆ ದೊಡ್ಡ ಕ್ಯಾನೇ ಇರ್ಲಿ," ಎಂದಳು ಅವಳು. "ಅಕ್ಕ ಅದನ್ನೇ ಕುಡಿದಿದ್ದು. ಅವಳು ಕುಡಿದಿದ್ದನ್ನ ನಾನು ಕುಡೀಲಾರೆನಾ?"

ಅವಳು ಅದನ್ನು ಹೇಳಿದ ರೀತಿಗೆ ನಾನು ಒತ್ತಡ, ಹರಿವು ಎಲ್ಲವನ್ನೂ ಮರೆತು ಕ್ಯಾನಿನ ಪುಡಿಯನ್ನು ಅವಳ ಕಡೆಗೆ ಸರಿಸಿದೆ.

ಆ ದಿನ ಕಚೇರಿಯಲ್ಲಿ ದೊಡ್ಡ ಸಭೆ. ಊರಿನ ಹಳೆಯ ಮುಖ್ಯ ಕೊಳವೆಯೊಂದನ್ನು ಭಾನುವಾರ ಬದಲಾಯಿಸಬೇಕಿತ್ತು, ಅದರ ಉಸ್ತುವಾರಿ ನನ್ನದು. ಮುಖ್ಯ ಎಂಜಿನಿಯರರ ಎದುರು ನಕಾಶೆಗೆ ಕೋಲು ಊರಿ ನಿಂತು ಅಬ್ಬರಿಸಿದೆ. "ಕಂದಕದಲ್ಲಿ ನಮ್ಮ ಜನ ಇಳಿದಿರ್ತಾರೆ. ಕೆಲಸ ಮುಗಿಯೋವರೆಗೆ ಯಾರೇ ಫೋನ್ ಮಾಡಿ ಗೋಗರೆದ್ರೂ ವಾಲ್ವ್ ತೆರೀಬಾರ್ದು! ಮಂತ್ರಿ ಕೇಳಿದ್ರೂ ಇಲ್ಲ, ಮಂತ್ರಿಯ ಅತ್ತೆ ಕೇಳಿದ್ರೂ ಇಲ್ಲ! ಅಷ್ಟೇ ಯಾಕೆ, ನಾನೇ ಕೇಳಿದ್ರೂ ಇಲ್ಲ!"

"ಅಪ್ಪಣೆ ಸಾರ್!" ಎಂದು ಕೂಗಿದಳು ನನ್ನ ಸಹಾಯಕ ಎಂಜಿನಿಯರ್. ಏನು ಹೇಳಿದರೂ ಹೀಗೇ ಅನ್ನುವುದರಿಂದ ನಾವೆಲ್ಲ ಅವಳನ್ನು ಅಪ್ಪಣೆ ಎಂದೇ ಕರೆಯುತ್ತೇವೆ. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ನನ್ನ ಹೊಟ್ಟೆಯೊಳಗೂ ಯಾರೋ ಚಪ್ಪಾಳೆ ತಟ್ಟಿದರು.

ಮೊದಲು ಒಂದು ಗುಳುಗುಳು. ಆಮೇಲೆ ಒಂದು ಗುಡುಗು. ಸದ್ದು ಕೇಳಿ ಕಾಯಿಲೆ ಹೇಳುವವನಲ್ಲವೇ, ತಕ್ಷಣ ತಿಳಿಯಿತು. ಇನ್ನು ವಾಲ್ವ್ ನಿಲ್ಲುವುದಿಲ್ಲ! ಕೋಲನ್ನು ಮುಖ್ಯ ಎಂಜಿನಿಯರರ ಕೈಗೇ ಕೊಟ್ಟು ಹೊರಗೆ ಧಾವಿಸಿದೆ. ಅಪ್ಪಣೆ ಆದೇಶದ ಹಾಳೆ ಹಿಡಿದು ಬೆನ್ನಟ್ಟಿದಳು.

"ಸಾರ್, ಇವತ್ತೇ ಸಹಿ ಬೇಕು!"

"ಕೊಡು, ಕೊಡು!"

"ಕೊನೇಲಿ ಒಂದು ಭಾಗ ಹೊಸದಾಗಿ ಸೇರಿಸಿದ್ದೀವಿ ಸಾರ್, ಅದೊಂದು ಓದಿ..."

"ಎಲ್ಲಾ ಓದಿದ್ದೀನಿ!" ಎಂದು ಕಾರಿಡಾರಿನ ಗೋಡೆಗೇ ಹಾಳೆ ಒತ್ತಿ ಸಹಿ ಗೀಚಿ, ಅಲ್ಲಿಂದ ಕಂಬಿ ಕಿತ್ತೆ. ನನ್ನ ಸೇವಾವಧಿಯಲ್ಲೇ ಇಷ್ಟು ಬೇಗ ವಿಲೇವಾರಿಯಾದ ಕಡತ ಇನ್ನೊಂದಿಲ್ಲ.

ಭಾನುವಾರ ಬಂತು. ಬೆಳಿಗ್ಗೆಯಿಂದ ಹಾಲಿಲ್ಲದ ಚಹಾ, ಸಕ್ಕರೆ ನೀರು, ಮತ್ತೆ ಹಾಲಿಲ್ಲದ ಚಹಾ. ಹೊಲಿಗೆ ಅಂಗಡಿಯ ಬಾಗಿಲಿಗೆ ರಜೆಯ ಫಲಕ ಬಿತ್ತು. ಕೊಳವೆ ಕೆಲಸವನ್ನು ಅಪ್ಪಣೆಗೆ ವಹಿಸಿ ನಾನು ರಜೆ ಹಾಕಿದ್ದೆ. ಮಧ್ಯಾಹ್ನ ಹೆಂಡತಿ ಕ್ಯಾನಿನ ಎದುರು, ನಾನು ಬಾಟಲಿಯ ಎದುರು ಕುಳಿತೆವು. ಎರಡು ವಿಧಾನ, ಇಬ್ಬರು ಪ್ರಯೋಗಾರ್ಥಿಗಳು, ಒಂದೇ ದಿನ. ಇದಕ್ಕಿಂತ ನಿಖರವಾದ ಅಧ್ಯಯನ ಯಾವ ದೇಶದಲ್ಲಿ ನಡೆದೀತು? ಮನೆಗೆ ಇರುವುದು ಒಂದೇ ಶೌಚಾಲಯ ಎಂಬ ಅಂಶವನ್ನು ಮಾತ್ರ ಅಧ್ಯಯನ ಸಮಿತಿ ಗಮನಿಸಿರಲಿಲ್ಲ.

ಹೆಂಡತಿ ಮೂಗು ಹಿಡಿದು, ಕಣ್ಣು ಮುಚ್ಚಿ, ಲೋಟದ ಮೇಲೆ ಲೋಟ ಇಳಿಸಿದಳು. ಒಂದು ಮಾತಿಲ್ಲ, ಒಂದು ಗೊಣಗಿಲ್ಲ. ನಾನು ನನ್ನ ಸಣ್ಣ ಬಾಟಲಿಗೆ ಮುಖ ಹಿಂಡಿ, ಎದೆ ನೀವಿಕೊಂಡು, ದೇವರನ್ನು ನೆನೆದು, ಕೊನೆಗೆ ಅವಳು ಗದರಿದ ಮೇಲೆ ಕುಡಿದು ಮುಗಿಸಿದೆ. ಸ್ವಲ್ಪ ಹೊತ್ತು ಶಾಂತಿ. "ನೋಡಿದ್ಯಾ, ಏನೂ ಇಲ್ಲ" ಎನ್ನುತ್ತಿದ್ದ ಹಾಗೆಯೇ ಇಬ್ಬರ ಹೊಟ್ಟೆಯೂ ಒಟ್ಟಿಗೆ ಉತ್ತರ ಕೊಟ್ಟಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮದುವೆಯಾಗಿ ಇಷ್ಟು ಕಾಲವಾದರೂ ನಾವು ಹಾಗೆ ಓಟದ ಪಂದ್ಯ ನಡೆಸಿರಲಿಲ್ಲ. ಅವಳು ಗೆದ್ದಳು!

"ಬೇಗ ಬಾರೇ!"

"ಈಗ ತಾನೇ ಬಂದಿದ್ದೀನಿ!"

"ನನ್ನದು ವೇಗದ ವಿಧಾನ ಕಣೇ! ಕಾಯೋದಿಲ್ಲ ಅದು!"

"ಹಾಗಾದ್ರೆ ನಿಂತಲ್ಲೇ ಓಡ್ತಾ ಇರಿ!"

ಓಡಿದೆ. ನಡುಮನೆಯಲ್ಲಿ ನಿಂತಲ್ಲೇ ಓಡಿದೆ. ಅವಳು ಹೊರಗೆ, ನಾನು ಒಳಗೆ. ನಾನು ಹೊರಗೆ, ಅವಳು ಒಳಗೆ. ಬಾಗಿಲಿನಲ್ಲಿ ಎದುರಾದಾಗಲೆಲ್ಲ ಅವಳಿಗೆ ನಗು ಉಕ್ಕುತ್ತಿತ್ತು. "ನಗಿಸ್ಬೇಡಿ ರೀ, ಇವತ್ತು ನಗೋದು ಅಪಾಯ!" ಎಂದು ಬಾಯಿಗೆ ಸೆರಗು ಒತ್ತಿಕೊಂಡು ಓಡುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು. ಹೊಟ್ಟೆ ಕಿವುಚುತ್ತಿದ್ದರೂ ನನಗೆ ಸುಖವಾಗಿತ್ತು.

ಸಂಜೆ ಇನ್ನೇನು ಎರಡನೆಯ ಕಂತು ಶುರುವಾಗಬೇಕು, ಆಗ ನಾನು ಫ್ಲಷ್ ಒತ್ತಿದೆ. ತೊಟ್ಟಿ "ಗೊಕ್" ಎಂದಿತು. ಮತ್ತೆ ಒತ್ತಿದೆ. "ಗೊ" ಎಂದಷ್ಟೇ ಹೇಳಿ ಸುಮ್ಮನಾಯಿತು. ನಲ್ಲಿ ತಿರುಗಿಸಿದೆ, ಗಾಳಿ ಬಂತು. ಅಡಿಗೆಮನೆಯ ನಲ್ಲಿಯಲ್ಲಿ ಗಾಳಿಯೂ ಇಲ್ಲ. ನಮ್ಮ ಪುಟ್ಟ ಟ್ಯಾಂಕನ್ನು ಇಬ್ಬರೂ ಸೇರಿ ಬರಿದು ಮಾಡಿದ್ದೆವು, ಬೀದಿಯ ಕೊಳವೆಯಿಂದ ಹನಿ ನೀರೂ ಬರುತ್ತಿರಲಿಲ್ಲ.

ಅಪ್ಪಣೆಗೆ ಫೋನ್ ಮಾಡಿದೆ.

"ನಮ್ಮ ಬೀದೀಲಿ ನೀರಿಲ್ಲ! ಏನಾಗಿದೆ?"

"ಆಗಿದ್ದೇನೂ ಇಲ್ಲ ಸಾರ್, ನಾವೇ ನಿಲ್ಲಿಸಿದ್ದು. ಕೊನೇಲಿ ಸೇರಿಸಿದ ಭಾಗ ಅಂದ್ನಲ್ಲ, ಅದು ನಿಮ್ಮ ಬೀದಿನೇ. ನಿಮ್ಮ ಮನೆ ಗೇಟಿಗೇ ನೋಟೀಸ್ ಅಂಟಿಸಿದ್ದೀವಿ. ಕೆಳಗೆ ನಿಮ್ಮದೇ ಸಹಿ ಸಾರ್!"

"ತಕ್ಷಣ ವಾಲ್ವ್ ತೆರಿ!"

"ಕ್ಷಮಿಸಿ ಸಾರ್. ನೀವೇ ಕೇಳಿದ್ರೂ ತೆರೀಬಾರ್ದು ಅಂತ ನಿಮ್ಮ ಅಪ್ಪಣೆ."

"ಆ ಅಪ್ಪಣೆ ಕೊಟ್ಟವನೇ ನಾನು ಕಣಮ್ಮಾ!"

"ಅದಕ್ಕೇ ಸಾರ್, ಇನ್ನೂ ಗೌರವ ಜಾಸ್ತಿ. ಕಂದಕದಲ್ಲಿ ಜನ ಇದ್ದಾರೆ."

ಅವಳು ಹೇಳಿದ್ದು ಸರಿ. ತೆರೆದಿದ್ದರೆ ನಾನೇ ಅವಳನ್ನು ಕೆಲಸದಿಂದ ತೆಗೆಯುತ್ತಿದ್ದೆ.

"ಬೇಕಿದ್ರೆ ತುರ್ತು ಟ್ಯಾಂಕರ್‌ಗೆ ಹೆಸರು ಬರೀತೀನಿ ಸಾರ್. ಕಾರಣ ಹೇಳ್ಬೇಕು. ಬೆಂಕಿನಾ, ಕಾಯಿಲೆನಾ, ಮನೇಲಿ ಯಾರಾದ್ರೂ ಹೋದ್ರಾ?"

"ಸದ್ಯಕ್ಕೆ ಮೂರೂ ಒಟ್ಟಿಗೆ ನಡೀತಾ ಇದೆ ಅಂತ ಬರಿ!"

"ಅಪ್ಪಣೆ ಸಾರ್. ಆದ್ರೆ ಸರದಿ ಪ್ರಕಾರ ಬೆಳಿಗ್ಗೆ ಬರುತ್ತೆ."

ಫೋನ್ ಇಟ್ಟು ತಿರುಗಿದರೆ ಹೆಂಡತಿ ನಿಂತಿದ್ದಳು. ಗೇಟಿನ ತನಕ ಹೋಗಿ ನೋಟೀಸು ಓದಿಕೊಂಡೇ ಬಂದಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಮೆತ್ತಗೆ ಕುರ್ಚಿಯಲ್ಲಿ ಕುಳಿತು, ಉಳಿದರ್ಧ ತುಂಬಿದ್ದ ಕ್ಯಾನನ್ನು ದೂರ ಸರಿಸಿದಳು.

"ಸಾಕು ರೀ. ಬೇಡ ಅನ್ನೋದಕ್ಕೆ ಇದೊಂದು ಸೂಚನೆ. ಆಸ್ಪತ್ರೆಗೆ ಫೋನ್ ಮಾಡಿ, ಬರಲ್ಲ ಅಂತ ಹೇಳಿಬಿಡಿ."

"ಅರ್ಧ ಆಗಿದೆ ಕಣೇ. ಇನ್ನರ್ಧ ಅಷ್ಟೇ."

"ಒಂದೇ ಸಲ ಅಂದಿದ್ದೆ. ಆ ಒಂದು ಸಲ ಮುಗೀತು."

ನನ್ನ ಹತ್ತಿರ ಎಲ್ಲದಕ್ಕೂ ಒಂದು ಭಾಷಣ ಇರುತ್ತದೆ. ಆ ಹೊತ್ತಿನಲ್ಲಿ ಅದನ್ನು ಬದಿಗಿಟ್ಟೆ. ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. "ನಂಗೆ ಭಯ ಕಣೇ," ಎಂದೆ. "ನಿನ್ನಕ್ಕನ್ನ ನೋಡ್ದಾಗಿಂದ ಭಯ. ನೀನು ಯಂತ್ರದ ಮುಂದೆ ಸೊಂಟ ಹಿಡ್ಕೊಂಡು ಎದ್ರೂ ಭಯ, ಊಟ ಬಿಟ್ರೂ ಭಯ. ಈ ಬಾಟಲಿ, ಆ ಕ್ಯಾನು, ತುಲನೆ ಗಿಲನೆ, ಎಲ್ಲಾ ಭಯ ಮರೆಯೋಕೆ ಕಟ್ಕೊಂಡ ನಾಟಕ. ನೀನಿಲ್ಲದ ಮನೇಲಿ ಇರೋದು ನನ್ನ ಕೈಲಾಗಲ್ಲ."

ಅವಳು ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದನ್ನ ಮೊದಲೇ ಹೇಳೋದಲ್ವಾ? ಸರಿ, ಕುಡೀತೀನಿ. ಆದ್ರೆ ಓಡೋದೆಲ್ಲಿಗೆ?"

ಓಡಲು ಇದ್ದದ್ದು ಒಂದೇ ಜಾಗ, ಮಹಡಿಯ ಮೇಲಿನ ಮನೆ. ಅಲ್ಲಿರುವುದು ನಿವೃತ್ತ ಹೆಡ್ಮಿಸ್ಟ್ರೆಸ್. ತಮ್ಮ ಮನೆಗೆ ನೀರಿನ ಒತ್ತಡ ಸಾಲದು ಎಂದು ಅವರು ವರ್ಷಗಳಿಂದ ನನಗೆ ದೂರು ಹೇಳುತ್ತಿದ್ದಾರೆ. ಮೆಟ್ಟಿಲಿನಲ್ಲಿ ಸಿಕ್ಕಾಗಲೆಲ್ಲ ನಾನು "ಪರಿಶೀಲನೆಯಲ್ಲಿದೆ ಮೇಡಂ" ಎಂದು ಜಾರಿಕೊಳ್ಳುತ್ತೇನೆ. ಆ ಸಂಜೆ ನಾನೇ ಹೋಗಿ ಅವರ ಬಾಗಿಲು ತಟ್ಟಿದೆ.

ಬಾಗಿಲು ತೆರೆಯಿತು. ಅವರ ಹಿಂದೆ ಕಂಡ ನೋಟಕ್ಕೆ ನನ್ನ ಕಣ್ಣು ತುಂಬಿ ಬಂತು. ಬಕೆಟ್ಟು, ಕೊಡ, ಪಾತ್ರೆ, ಹೂದಾನಿ, ಎಲ್ಲದರಲ್ಲೂ ತಿಳಿನೀರು! ನೋಟೀಸನ್ನು ಓದಿದ ಪ್ರಜೆ ಈ ಊರಿನಲ್ಲಿ ಒಬ್ಬರಾದರೂ ಇದ್ದರು.

ನಾನು ವಿಷಯವನ್ನು ಸುತ್ತಿ ಬಳಸಿ ಹೇಳತೊಡಗಿದೆ. ಹೆಂಡತಿ ಅಡ್ಡ ಬಂದು ನಾಲ್ಕು ಮಾತಿನಲ್ಲಿ ಮುಗಿಸಿದಳು. ಅಕ್ಕನ ವಿಷಯ ಕೇಳಿದ ಹೆಡ್ಮಿಸ್ಟ್ರೆಸ್ಸರ ಮುಖ ಮೆತ್ತಗಾಯಿತು. "ಬಾಮ್ಮಾ ಒಳಗೆ, ಕ್ಯಾನ್ ಕೊಡು ಇಲ್ಲಿ. ನನ್ನ ತಮ್ಮನಿಗೂ ಈ ಪರೀಕ್ಷೆ ಆಗಿದೆ. ನಾನು ಬಾಗಿಲಾಚೆ ಕೂತು ಕಥೆ ಹೇಳ್ತೀನಿ, ಹೊತ್ತು ಹೋಗೋದೇ ಗೊತ್ತಾಗಲ್ಲ" ಎಂದು ಅವಳ ಭುಜ ಹಿಡಿದು ಒಳಗೆ ಕರೆದುಕೊಂಡರು. ನಾನೂ ಹೊಸಿಲಿಗೆ ಕಾಲಿಟ್ಟೆ.

"ನಾನು ಮೇಡಂ?"

"ನಿಮ್ಮದು ಪರಿಶೀಲನೆಯಲ್ಲಿದೆ!"

ಒಂದು ಬಕೆಟ್ ನೀರು ಮಾತ್ರ ಮಂಜೂರಾಯಿತು. "ಮಿತವಾಗಿ ಬಳಸಿ" ಎಂಬ ಉಪದೇಶದೊಂದಿಗೆ ಬಾಗಿಲು ಮುಚ್ಚಿತು. ಆ ಬಕೆಟ್ಟನ್ನು ತುಳುಕಿಸದಂತೆ, ಹೊಟ್ಟೆಯನ್ನೂ ತುಳುಕಿಸದಂತೆ ಮೆಟ್ಟಿಲಿಳಿದು ಬಂದೆ.

ಕೆಳಗೆ ಒಂಟಿಯಾಗಿ ಕುಳಿತೆ. ಎದುರಿಗೆ ಎರಡನೆಯ ಬಾಟಲಿ. ಪಕ್ಕದಲ್ಲಿ ಒಂದೇ ಬಕೆಟ್. ಮೇಲಿನಿಂದ ಇಬ್ಬರು ಹೆಂಗಸರ ನಗು, ನೀರು ಸುರಿಯುವ ಸದ್ದು. ಯೋಚಿಸಿದೆ. ನಾನು ಬಾಟಲಿ ಕುಡಿದರೆ ಬಕೆಟ್ ಮುಗಿಯುತ್ತದೆ. ಬಕೆಟ್ ಮುಗಿದರೆ, ಮಲಗಲು ಕೆಳಗೆ ಬರುವ ಅವಳಿಗೆ ಮತ್ತೆ ಬೇಕಾದಾಗ ನೀರಿಲ್ಲ. ಇವತ್ತು ಯಾರ ಕರುಳು ಮುಖ್ಯ? ಪ್ರಶ್ನೆಯೇ ಇಲ್ಲ! ಎದ್ದು ನಿಂತೆ. ಎದೆಯುಬ್ಬಿಸಿದೆ. ಬಾಟಲಿಯನ್ನು ಸಿಂಕಿಗೆ ಸುರಿದೆ. ಆ ಕ್ಷಣ ನನ್ನ ಮೇಲೆ ನನಗೇ ಗೌರವ ಉಕ್ಕಿತು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಆ ನಿಂಬೆಹಣ್ಣನ್ನು ಇನ್ನೊಮ್ಮೆ ನಾಲಿಗೆಗೆ ತಾಗಿಸಬೇಕಿಲ್ಲವಲ್ಲ ಎಂಬ ಸಂತೋಷವೂ ಆ ಗೌರವದ ಬೆನ್ನ ಹಿಂದೆಯೇ ಇತ್ತು. ಯಾವುದು ಮುಂದೆ ಇತ್ತು, ಯಾವುದು ಹಿಂದೆ ಇತ್ತು ಎಂದು ದಯವಿಟ್ಟು ಕೇಳಬೇಡಿ.

ಹೆಂಡತಿ ಕೆಳಗೆ ಬಂದಾಗ ಬಾಡಿದ ಸೊಪ್ಪಿನ ಹಾಗಿದ್ದಳು. ಆದರೂ ಕ್ಯಾನನ್ನು ತಲೆಕೆಳಗೆ ಮಾಡಿ ತೋರಿಸಿದಳು. ಒಂದು ಹನಿ ಇರಲಿಲ್ಲ.

"ನಿಮ್ಮದು?"

ನಾನು ಖಾಲಿ ಬಾಟಲಿ ಎತ್ತಿ ಹಿಡಿದೆ. "ಭೇಷ್" ಎಂದಷ್ಟೇ ಹೇಳಿ ಮಲಗಿದಳು. ನಾನೂ ಮಲಗಿದೆ.

ಸೋಮವಾರ ಆಸ್ಪತ್ರೆಯಲ್ಲಿ ನರ್ಸು ಇಬ್ಬರನ್ನೂ ಕೇಳಿದರು. "ಔಷಧಿ ಪೂರ್ತಿ ಮುಗಿಸಿದ್ದೀರಾ?" ಹೆಂಡತಿ ಹೌದೆಂದಳು. ನಾನು ಅವಳಿಗಿಂತ ಜೋರಾಗಿ ಹೌದೆಂದೆ. ಇಲ್ಲ ಎಂದರೆ ಎಲ್ಲಿ ಅವಳೂ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾಳೋ ಎಂಬ ಭಯ ನನಗೆ. ಹಿಂದೆ ಗಂಟು ಹಾಕುವ ಅಂಗಿ ತೊಡಿಸಿದರು. ಅದನ್ನು ನೋಡಿ ಹೆಂಡತಿ, "ಇದನ್ನ ಹೊಲಿದವರು ಯಾರೋ, ಹಿಂದುಗಡೆ ಹೊಲಿಯೋದೇ ಮರೆತಿದ್ದಾರೆ" ಎಂದಳು. ಮಾತು ಹಗುರಾಗಿತ್ತು, ಆದರೆ ನನ್ನ ಕೈ ಹಿಡಿದ ಅವಳ ಬೆರಳುಗಳು ತಣ್ಣಗಿದ್ದವು. ಅಕ್ಕಪಕ್ಕದ ಹಾಸಿಗೆ ಕೊಟ್ಟರು. ಅವಳನ್ನು ಮೊದಲು ಒಳಗೆ ಕರೆದರು. ಅವಳು ಹೋದ ಮೇಲೆ ಆ ಖಾಲಿ ಜಾಗವನ್ನು ನೋಡುತ್ತಾ ಮಲಗಿದ್ದೆ. ಆಮೇಲೆ ನನ್ನ ಸರದಿ, ಒಂದು ಸೂಜಿ, ಮುಂದಿನದು ತಿಳಿಯದು.

ಎಚ್ಚರವಾದಾಗ ಅವಳು ಪಕ್ಕದಲ್ಲಿ ದಿಂಬಿಗೊರಗಿ ಚಹಾ ಕುಡಿಯುತ್ತಿದ್ದಳು. ಹಾಲು ಹಾಕಿದ ಚಹಾ! ಡಾಕ್ಟರು ಅವಳ ಕಡೆಗೇ ಮೊದಲು ಬಂದರು.

"ಒಂದು ಸಣ್ಣ ಗಂಟು ಇತ್ತಮ್ಮ. ಅಲ್ಲೇ ತೆಗೆದುಬಿಟ್ಟಿದ್ದೀವಿ. ಪರೀಕ್ಷೆಗೆ ಕಳಿಸ್ತೀವಿ, ಆದ್ರೆ ನನಗೆ ಹೆದರಿಕೆ ಏನೂ ಕಾಣ್ತಿಲ್ಲ. ಹಾಗೇ ಬಿಟ್ಟಿದ್ರೆ ಮುಂದೆ ನಿಮ್ಮಕ್ಕನ ದಾರಿನೇ ಹಿಡೀತಿತ್ತೇನೋ. ಇಷ್ಟು ಚೊಕ್ಕಟವಾಗಿ ತೊಳೆದುಕೊಂಡು ಬಂದಿರೋದಕ್ಕೇ ಅದು ಕಣ್ಣಿಗೆ ಬಿತ್ತು."

ನಾನು ಅತ್ತೆ. ಗಂಡಸು, ಅಧಿಕಾರಿ, ಬೆನ್ನು ಕಾಣುವ ಅಂಗಿ, ಯಾವುದನ್ನೂ ಲೆಕ್ಕಿಸದೆ ಗೊಳೋ ಎಂದು ಅತ್ತೆ. ಅವಳೂ ಅತ್ತಳು. ಡ್ಯೂಟಿಯಲ್ಲಿದ್ದ ನರ್ಸು ಇಬ್ಬರಿಗೂ ಒಂದೇ ಟವೆಲ್ ಕೊಟ್ಟರು.

ಟವೆಲ್ಲು ನನ್ನ ಕೈಯಲ್ಲಿದ್ದಾಗ ಡಾಕ್ಟರು ನನ್ನ ಕಡೆ ತಿರುಗಿದರು. "ಇನ್ನು ನಿಮ್ಮದು. ನಾವು ಅರ್ಧ ದಾರಿಯಿಂದಲೇ ವಾಪಸ್ ಬಂದ್ವಿ. ಒಳಗೆ ರಸ್ತೆನೇ ಕಾಣಲಿಲ್ಲ. ನೀವು ಯಾವ ಇಲಾಖೆ ಅಂದ್ರಿ?"

"ಒಳಚರಂಡಿ," ಎಂದೆ, ನನಗೇ ಕೇಳಿಸದ ದನಿಯಲ್ಲಿ.

"ಎರಡನೇ ಬಾಟಲಿ ಕುಡಿದಿದ್ದು ನಿಜ ತಾನೇ?"

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಮೂರು ವಿಧಾನದ ತುಲನೆ, ಬಕೆಟ್ಟು, ಸಿಂಕು, ಹೆಂಡತಿಗಾಗಿ ಮಾಡಿದ ತ್ಯಾಗ, ಎಲ್ಲವನ್ನೂ ಗದ್ಗದ ಕಂಠದಿಂದ ವಿವರಿಸಿದೆ. ನಿಂಬೆಹಣ್ಣಿನ ವಿಷಯ ಮಾತ್ರ ಬಿಟ್ಟೆ. ಹೆಂಡತಿ ಬೆರಗಾಗುತ್ತಾಳೆ, ಅಥವಾ ಕೆರಳುತ್ತಾಳೆ ಎಂದುಕೊಂಡೆ. ಅವಳು ಚಹಾಕ್ಕೆ ಉಫ್ ಎಂದು ಊದುತ್ತಾ ಕುಳಿತಿದ್ದಳು.

"ನಂಗೆ ಗೊತ್ತಿತ್ತು," ಎಂದಳು.

"ಹೇಗೆ?"

"ಬಾಟಲಿ ಖಾಲಿ ಆದ್ಮೇಲೆ ನೀವು ಒಂದ್ಸಲಾನಾದ್ರೂ ಎದ್ದು ಓಡಿದ್ರಾ? ಗೊರಕೆ ಹೊಡೀತಾ ಬಿದ್ದಿದ್ರಿ. ನಾನೇನು ದಡ್ಡಿನಾ?"

"ಮತ್ತೆ ಹೇಳೋದಲ್ವೇನೇ! ಸುಮ್ಮಸುಮ್ಮನೆ ನನ್ನನ್ನ ಮಲಗಿಸಿ, ಸೂಜಿ ಚುಚ್ಚಿಸಿ, ಆ ಇಡೀ ಕೊಳವೇನ..."

ಅವಳು ಲೋಟ ಕೆಳಗಿಟ್ಟಳು. "ಹೇಳಿದ್ರೆ ನಿಮ್ಮನ್ನ ಹೊರಗೆ ಬೆಂಚಿನ ಮೇಲೆ ಕೂರಿಸ್ತಿದ್ರು. ಪಕ್ಕದ ಹಾಸಿಗೇಲಿ ನೀವಿಲ್ಲ ಅಂದಿದ್ರೆ ನಾನು ಎದ್ದು ಮನೆಗೆ ಹೋಗಿಬಿಡ್ತಿದ್ದೆ ರೀ. ಅಷ್ಟು ಹೆದರಿಕೆ ಆಗಿತ್ತು ನಂಗೆ."

ನಾನು ಅವಳ ಕಡೆ ಹೊರಳಿದೆ. ಎರಡು ಹಾಸಿಗೆಯ ನಡುವೆ ಕೈ ಚಾಚಿದೆ. ಅವಳೂ ಚಾಚಿ ಹಿಡಿದುಕೊಂಡಳು. ಈಗ ಬೆರಳುಗಳು ಬೆಚ್ಚಗಿದ್ದವು.

ಡಾಕ್ಟರು ಕೆಮ್ಮಿದರು. "ಸರಿ, ಮುಂದಿನ ವಾರ ನಿಮ್ಮದು ಇನ್ನೊಂದ್ಸಲ ಮಾಡೋಣ. ಮೂರು ವಿಧಾನಾನೂ ಹೋಲಿಸಿ ನೋಡಿದ್ದೀರಂತಲ್ಲ, ನಿಮಗೆ ಯಾವುದು ಬರೀಲಿ?"

ನಾನು ಗಂಟಲು ಸರಿಮಾಡಿಕೊಂಡು ಅಧ್ಯಯನದ ಫಲಿತಾಂಶ ಮಂಡಿಸಲು ಬಾಯಿ ತೆರೆದೆ.

"ದೊಡ್ಡ ಕ್ಯಾನ್ ಬರೀರಿ ಡಾಕ್ಟ್ರೇ," ಎಂದಳು ನನ್ನ ಹೆಂಡತಿ, ಹಿಡಿದ ಕೈ ಬಿಡದೆ. "ತ್ಯಾಗ ಮಾಡೋ ಮನುಷ್ಯ ನಮ್ಮೋರು. ಈ ಸಲ ಕೊನೇ ಹನಿವರೆಗೂ ಎದುರಿಗೆ ಕೂತು ಮಾಡಿಸ್ತೀನಿ!"